ಮುನಿತಾಯಮ್ಮನ ದನಿ

ಮುನಿತಾಯಮ್ಮನ ಹಲ್ಲುಗಳನ್ನೆಲ್ಲ ಕೀಳಿಸಿದ ಮೇಲೆ ಕಾಂತರಾಜುವಿಗೆ ಹೆಂಡತಿಯ ಮಾತು ಕೇಳಿಸುವುದು ನಿಂತುಹೋಯಿತು.

ನೋವಿರಬೇಕು, ಅದಕ್ಕೇ ಮಾತಾಡುತ್ತಿಲ್ಲ ಅಂದುಕೊಂಡ ಮೊದಮೊದಲು. ವಸಡು ಮಾಗಿ, ಗಂಜಿ ಹೋಗಿ ಮೆತ್ತನೆಯ ಮುದ್ದೆ ಬಂದ ಮೇಲೂ ಅವಳ ಬಾಯಿ ನೀರೊಳಗಿನ ಮೀನಿನ ಬಾಯಿಯಂತೆ ಸುಮ್ಮನೆ ಮಡಚಿ ಬಿಚ್ಚಿಕೊಳ್ಳುತ್ತಿತ್ತು. "ಬಿಡಿಸಿ ಹೇಳೇ" ಎಂದು ರೇಗುತ್ತಿದ್ದ. ಅವಳು ಇನ್ನೊಮ್ಮೆ ಹೇಳುತ್ತಿದ್ದಳು. ಆಮೇಲೆ ಕೈ ಬೀಸಿ ಒಳಗೆ ಹೋಗುತ್ತಿದ್ದಳು.

ಅವರಿಬ್ಬರ ಮಾತು ಹುಟ್ಟಿದ್ದೇ ಸದ್ದಿನ ನಡುವೆ. ಕಾಮಾಕ್ಷಿಪಾಳ್ಯದ ಪವರ್‌ಲೂಮ್ ಶೆಡ್ಡಿನಲ್ಲಿ ಅವನು ಮಗ್ಗ ನೋಡಿಕೊಳ್ಳುತ್ತಿದ್ದ, ಅವಳು ಮೂಲೆಯಲ್ಲಿ ಕುಳಿತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಆ ಗದ್ದಲದಲ್ಲಿ ಗಂಟಲಿಗೆ ಕೆಲಸವಿರಲಿಲ್ಲ. ಎಲ್ಲರೂ ತುಟಿಯಲ್ಲೇ ಆಡುತ್ತಿದ್ದರು, ಕಣ್ಣಲ್ಲೇ ಕೇಳುತ್ತಿದ್ದರು. ಒಂದು ಮಧ್ಯಾಹ್ನ ಓಡುವ ಮಗ್ಗಗಳ ಆಚೆಯಿಂದ ಅವಳ ತುಟಿ, "ಮನೆಗೆ ಬಂದು ಹೆಣ್ಣು ಕೇಳಿ" ಅಂದಿತು. ರೇಷ್ಮೆಯ ದೂಳು ಬಿಸಿಲುಕೋಲಿನಲ್ಲಿ ತೇಲುತ್ತಿತ್ತು. ಆ ಮಾತಿಗೆ ಅವನು ತನ್ನೊಳಗೇ ಒಂದು ದನಿ ಕೊಟ್ಟುಕೊಂಡ. ತಿಳಿಯಾದ, ಎಳೆಯ ದನಿ.

ಮದುವೆಯಾಗಿ ಕುರುಬರಹಳ್ಳಿಯ ಎರಡು ಕೋಣೆಯ ಮನೆಗೆ ಬಂದ ಮೇಲೂ ಆ ರೂಢಿ ಹೋಗಲಿಲ್ಲ. ಮಗು ಮಲಗಿದ್ದರೆ ತುಟಿ, ಬಳಗದವರು ಕೂತಿದ್ದರೆ ತುಟಿ. ಅವಳು ದನಿ ತೆಗೆದದ್ದೇ ಅಪರೂಪ. ತೆಗೆದಾಗಲೂ ಅವನ ಕಿವಿಯೊಳಗೆ ಮಗ್ಗ ಆಡುತ್ತಲೇ ಇರುತ್ತಿತ್ತು. "ಏನ್ ಸಂಸಾರಾನಪ್ಪಾ ನಿಮ್ದು, ಒಂದು ಜಗಳಾನೂ ಕೇಳ್ಸಲ್ವಲ್ಲೇ ನಮ್ಗೆ!" ಎಂದು ಪಕ್ಕದ ಮನೆ ನರಸಮ್ಮ ನಿಜವಾಗಿಯೂ ಬೇಜಾರು ಮಾಡಿಕೊಳ್ಳುತ್ತಿದ್ದಳು.

ಹಾಗಾಗಿ ಅವನ ಕಿವಿ ಹೋದದ್ದು ಯಾರಿಗೂ ತಿಳಿಯಲಿಲ್ಲ. ಅವನಿಗೂ.

ಶೆಡ್ಡು ಮುಚ್ಚಿ ಅಲ್ಲಿ ಫ್ಲ್ಯಾಟುಗಳು ಎದ್ದವು. ಕಾಂತರಾಜು ಟೀ ಅಂಗಡಿಯಲ್ಲಿ ಗೆಳೆಯರ ಜೊತೆ ಕೂರುತ್ತಿದ್ದ. ಎಲ್ಲರೂ ನಕ್ಕ ಮೇಲೆ ನಗುತ್ತಿದ್ದ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಕಣ್ಣು ಓಡಿಸಿ ಓಡಿಸಿ ಸಂಜೆಗೆ ತಲೆ ಕಲ್ಲಾಗುತ್ತಿತ್ತು. "ಕಾಂತಣ್ಣ ಈಗ ದೊಡ್ಡ ಮನುಷ್ಯ ಗುರು, ಹಿಂದಿಂದ ಕೂಗಿದ್ರೆ ತಿರುಗೋದೇ ಇಲ್ಲ" ಎಂದು ಗಿರಿರಾಜ್ ಮುಖದೆದುರೇ ಅಂದಾಗ, ಆ ತುಟಿ ಮಾತ್ರ ಅವನಿಗೆ ಸ್ಪಷ್ಟವಾಗಿ ಓದಲು ಸಿಕ್ಕಿತು. ಅಲ್ಲಿಂದ ಟೀ ಅಂಗಡಿ ಬಿಟ್ಟ. ಬಿ.ಪಿ. ಏರಿದೆ, ದಿನಾ ನಡೀರಿ ಎಂದರು ಡಾಕ್ಟರು. ಬೆನ್ನ ಹಿಂದಿನಿಂದ ಒಂದು ಸ್ಕೂಟರು ಮೈಗೆ ತಾಗಿಕೊಂಡೇ ಹೋದ ಮೇಲೆ ನಡಿಗೆಯನ್ನೂ ಬಿಟ್ಟ. ಮನೆಯಲ್ಲಿ ಮುನಿತಾಯಮ್ಮ ಇದ್ದಳಲ್ಲ. ಅವಳೊಬ್ಬಳ ಮಾತು ಸಾಕಿತ್ತು.

ಈಗ ಅದೂ ಇಲ್ಲ.

ಭಾನುವಾರ ವಿಜಯನಗರದಿಂದ ಮಗಳು ಕೀರ್ತನಾ ಬಂದಳು. ಅಪ್ಪನ ಎದುರು ಬಂದು ನಿಂತು ಅಂದಳು, "ಅಪ್ಪಾ, ಅಮ್ಮ ಆಗ್ಲಿಂದ ಕರೀತಾ ಇದಾಳೆ!"

"ನಿಮ್ಮಮ್ಮಂಗೆ ಹಲ್ಲಿಲ್ಲ ಕಣಮ್ಮ. ಅದಕ್ಕೇ ಕೇಳಿಸ್ತಿಲ್ಲ ನಂಗೆ."

ಕೀರ್ತನಾ ಜೋರಾಗಿ ನಕ್ಕಳು. ನಗುತ್ತಾ ನಗುತ್ತಾ ಅಪ್ಪನ ಮುಖ ನೋಡಿ ನಿಲ್ಲಿಸಿದಳು. "ಹಲ್ಲಿಲ್ದಿದ್ರೆ ಮಾತು ತೊದಲತ್ತಪ್ಪಾ. ಕೇಳಿಸ್ದೇ ಇರಲ್ಲ. ಕಿವಿ ತೋರ್ಸೋಣ, ಬಾ."

"ಹಲ್ಲು ಕಟ್ಟಿಸ್ಲಿ ಮೊದ್ಲು. ಎಲ್ಲಾ ಸರಿಹೋಗತ್ತೆ."

ಹಲ್ಲಿನ ಸೆಟ್ಟು ಬಂದ ದಿನ ಅವನು ಗಡ್ಡ ಹೆರೆದುಕೊಂಡು, ಒಗೆದ ಅಂಗಿ ತೊಟ್ಟು, ಹೆಣ್ಣು ನೋಡಲು ಬಂದವನಂತೆ ಅವಳೆದುರು ಕುಳಿತ. ಅವಳೂ ನಾಚಿಕೊಂಡಳು. ಬಾಯಿ ತೆರೆದಳು. ಬಿಗಿದ ತುಟಿಗಳು ಮುಂದಕ್ಕೆ ಉಬ್ಬಿ, ಯಾರೋ ಪರಸ್ಥಳದ ಹೆಂಗಸಿನ ಬಾಯಿ ಅವಳ ಮುಖದಲ್ಲಿ ಅಲುಗಾಡಿತು. ಅವನು ಮೊಣಕಾಲು ತಾಗುವಷ್ಟು ಹತ್ತಿರ ಸರಿದು ನೋಡಿದ. ಒಂದು ಪದವೂ ಸಿಗಲಿಲ್ಲ.

"ಇದು ನಿನ್ನ ಬಾಯಲ್ಲ" ಅಂದುಬಿಟ್ಟ.

ಅವಳು ಎದ್ದುಹೋದಳು. ಅವನು ಆ ಖಾಲಿ ಚಾಪೆಯ ಎದುರು ಕುಳಿತೇ ಮಗಳಿಗೆ ತಾನೇ ಫೋನು ಮಾಡಿದ. ಅವಳು ಏನಂದಳೋ ತಿಳಿಯದೆ, ತನ್ನದಷ್ಟು ಹೇಳಿದ. "ನಾಳೆ ಬಾಮ್ಮ. ಕಿವೀನೇ ತೋರ್ಸೋಣ."

ಪರೀಕ್ಷೆಯ ಕೋಣೆಗೆ ದಪ್ಪ ಬಾಗಿಲು. ಸದ್ದು ಕೇಳಿದಾಗ ಗುಂಡಿ ಒತ್ತಬೇಕಿತ್ತು. ಆ ನಿಶ್ಶಬ್ದದಲ್ಲಿ ಅವನಿಗೆ ಕೇಳಿದ್ದು ಎಂದೋ ಗುಜರಿಗೆ ಹೋದ ಮಗ್ಗಗಳು. ಕಣ್ಣು ಮುಚ್ಚಿದರೆ ಬಿಸಿಲುಕೋಲು, ರೇಷ್ಮೆಯ ದೂಳು. ಆಮೇಲೆ ಅಲ್ಲಿಯ ಹುಡುಗಿ ಎದುರು ಕುಳಿತು ನಿಧಾನವಾಗಿ ಹೇಳಿದಳು. "ಒಂದೇ ದಿನದಲ್ಲಿ ಹೋಗಿದ್ದಲ್ಲ ಅಂಕಲ್. ಕೇಳಿಸ್ದೇ ಇರೋದನ್ನ ಹುಡುಕೀ ಹುಡುಕೀ ನಿಮ್ಮ ತಲೆ ಸುಸ್ತಾಗಿದೆ. ಜನರನ್ನ ಬಿಟ್ಟು ಒಬ್ರೇ ಕೂತ್ರೆ ಇನ್ನೂ ಸೋಲತ್ತೆ."

ಕಿವಿಗೆ ಯಂತ್ರ ಹಾಕಿಕೊಂಡು ಮನೆಗೆ ಬಂದಾಗ ಲೋಕದ ತುಂಬ ಮರಳು ಸುರಿಯುವ ಸದ್ದು. ಅವನ ಚಪ್ಪಲಿಗೂ ಸದ್ದಿತ್ತು.

"ಬಂದ್ರಾ?"

ಯಾರೋ ಗಂಡಸು ಕೇಳಿದಂತಿತ್ತು. ಒಣಗಿದ, ಒಡಕು ದನಿ. ಬಾಗಿಲಲ್ಲಿ ಮುನಿತಾಯಮ್ಮ ನಿಂತಿದ್ದಳು. ಇಷ್ಟು ವರ್ಷ ತನ್ನ ಜೊತೆ ಉಂಡು ಮಲಗಿದ ಆ ಎಳೆಯ ದನಿ ತಾನೇ ನೇಯ್ದುಕೊಂಡದ್ದು ಎಂದು ಅವನಿಗೆ ಹೊಳೆಯಿತು. ಯಂತ್ರ ತೆಗೆದರೆ ಅದು ಮರಳಿ ಬರುತ್ತದೆ. ಕೈ ಕಿವಿಗೆ ಹೋಯಿತು.

"ನೋಯ್ತಾ ಇದ್ಯಾ?"

"ಇಲ್ಲ. ನಿನ್ನ ದನಿ..."

"ಗೊಗ್ಗರು. ಗೊತ್ತು ಬಿಡಿ." ಅವಳು ಸೆರಗು ಬಾಯಿಗೆ ತಂದಳು. "ಗಂಡು ಗಂಟಲು ಅಂತ ನಮ್ಮವ್ವ ಬೈಯೋಳು. ಮಗ್ಗದ ಮನೆಗೆ ಸೇರಿದ್ಮೇಲೇನೇ ನಂಗೆ ಸುಖ ಆಗಿದ್ದು. ಅಲ್ಲಿ ಯಾರ್ಗೂ ಕೇಳಿಸ್ತಿರ್ಲಿಲ್ವಲ್ಲ."

ಅವನ ಕೈ ತಾನಾಗಿ ಕೆಳಗಿಳಿಯಿತು.

"ಅಡುಗೆ ಮಾಡ್ತಾ ನಿಮ್ಮ ಬೆನ್ನಿಗೆ ಏನೇನೋ ಹೇಳ್ಕೋತಿದ್ದೆ" ಅಂದಳು. "ಒಂದ್ಸಲಾನೂ ತಿರುಗ್ಲಿಲ್ಲ ನೀವು. ಈ ದನಿ ಇಷ್ಟ ಇಲ್ಲ ಅನ್ಕೊಂಡು ನಿಲ್ಲಿಸ್ಬಿಟ್ಟೆ."

"ಏನು ಹೇಳ್ತಿದ್ದೆ?"

"ಈಗೆಲ್ಲಿ ನೆನಪಿರತ್ತೆ."

ಕಾಂತರಾಜು ಅಡುಗೆಮನೆಯ ಹೊಸ್ತಿಲ ಬಳಿಗೆ ಸ್ಟೂಲು ಎಳೆದುಕೊಂಡು, ಬೀದಿಗೆ ಮುಖ ಮಾಡಿ, ಅವಳಿಗೆ ಬೆನ್ನು ಕೊಟ್ಟು ಕುಳಿತ. ಒಳಗೆ ಅಕ್ಕಿ ತೊಳೆಯುವ ಸದ್ದು. ನೀರು ಬಸಿದ ಸದ್ದು.

"ಮೂಲೆ ಮನೆಯೋರು ಸಂಪಿಗೆ ಮರ ಕಡಿಸ್ಬಿಟ್ರು ಕಣ್ರೀ" ಎಂದಿತು ಒಡಕು ದನಿ, ಅಳುಕುತ್ತ.

"ಹೂಂ" ಅಂದ ಅವನು, ತಿರುಗದೆ.

ಒಳಗೆ ನೀರಿನ ಸದ್ದು ನಿಂತಿತು. ಆಮೇಲೆ ಅವಳು ಮುಂದುವರಿಸಿದಳು.