ಬಿಳಿ ಸಾಲಿನಲ್ಲಿ ನನ್ನ ಕೈ

ಪೋಲೆಂಡಿನ ಈ ಊರಿನ ಬ್ಯಾಲೆ ತಂಡದಲ್ಲಿ ನನ್ನ ಮೊದಲ ಪ್ರದರ್ಶನದ ದಿನ, ಉಡುಪು ನೋಡಿಕೊಳ್ಳುವ ಹೆಂಗಸು ಒದ್ದೆ ಸ್ಪಂಜು ಹಿಡಿದು ಬಂದಳು. ನನ್ನ ಮುಖ, ಕತ್ತು, ಭುಜದಿಂದ ಬೆರಳ ತುದಿಯವರೆಗೂ ಬಿಳಿ ಬಣ್ಣ ಬಳಿದಳು. ಉಳಿದ ಹದಿನೈದು ಹುಡುಗಿಯರಿಗೆ ಅದರ ಅಗತ್ಯವಿರಲಿಲ್ಲ. ಕನ್ನಡಿಯಲ್ಲಿ ನನ್ನದು ಅಂತ ಉಳಿದಿದ್ದು ಕಣ್ಣೆರಡೇ.

ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಮಾಲೂರು ತಾಲ್ಲೂಕಿನ ಲಕ್ಕೂರಿನವಳಿಗೆ ಪೌಡರ್ ಹೊಸದೇ? ಬೆಂಗಳೂರಿನ ಬ್ಯಾಲೆ ತರಗತಿಗೆಂದು ಭಾನುವಾರ ರೈಲು ಹತ್ತುವ ಮುಂಚೆ ಅಮ್ಮ ತಟ್ಟುತ್ತಿದ್ದ ಪೌಡರ್ ವೈಟ್‌ಫೀಲ್ಡ್ ದಾಟಿದರೂ ಕತ್ತಿನ ಮೇಲೆ ಹಾಗೇ ಇರುತ್ತಿತ್ತು. ವಾರವಿಡೀ ಫ್ಯಾಕ್ಟರಿಯಲ್ಲಿ ದುಡಿದು, ರಜೆಯ ದಿನವೂ ನನ್ನ ಜೊತೆ ಬರುತ್ತಿದ್ದಳು. ಇಲ್ಲಿಯೂ ಯಾರೋ ಅಕ್ಕರೆಯಿಂದ ಸಿಂಗರಿಸುತ್ತಿದ್ದಾರೆ ಎಂದುಕೊಂಡೆ. ದಡ್ಡಿ.

ಇಲ್ಲಿ ಬೇಗ ಒಗ್ಗಿದ್ದು ಊಟ. ಇವರ ಹುಳಿ ಹುಳಿ ಕಪ್ಪು ಬ್ರೆಡ್ಡಿಗೆ ನಮ್ಮ ಹುಚ್ಚೆಳ್ಳು ಚಟ್ನಿಪುಡಿ ಚೆನ್ನಾಗಿ ಹೊಂದುತ್ತದೆ. ಭಾಷೆ ಒಗ್ಗಲು ವರ್ಷ ಹಿಡಿಯಿತು. ಮೊದಲು ಕಲಿತ ಮಾತು ‘ರಾಜೆಮ್’, ಅಂದರೆ ಎಲ್ಲರೂ ಒಟ್ಟಿಗೆ. ನೃತ್ಯ ಕಲಿಸುವ ಮೇಡಂ ದಿನವಿಡೀ ಅದನ್ನೇ ಕೂಗುತ್ತಾರೆ. ಲಕ್ಕೂರಿನ ಶಾಲೆಯ ವಾರ್ಷಿಕೋತ್ಸವದಲ್ಲಿ ನಾವು ಮುಂದಿನ ಸಾಲಿಗಾಗಿ ಜುಟ್ಟು ಹಿಡಿದು ಜಗಳವಾಡಿದ್ದುಂಟು. ಇಲ್ಲಿನ ಗುಂಪು ನೃತ್ಯದಲ್ಲಿ ಒಬ್ಬಳು ಬೇರೆಯಾಗಿ ಕಣ್ಣಿಗೆ ಬಿದ್ದರೆ ಅದೇ ತಪ್ಪು. ಆದರೂ ಹದಿನಾರು ಜನರ ಕೈ ಒಂದೇ ಉಸಿರಿಗೆ ಏಳುವಾಗಿನ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಅದಕ್ಕೇ ಇಲ್ಲಿದ್ದೇನೆ.

ಪ್ರದರ್ಶನದ ವಿಡಿಯೊ ಅಮ್ಮನಿಗೆ ಕಳಿಸಿದೆ. ಎರಡು ದಿನ ಸದ್ದಿಲ್ಲ. ನಾನೇ ಫೋನ್ ಮಾಡಿದೆ.

“ಹತ್ತು ಸಲ ನೋಡ್ದೆ ಕಣೇ. ಎಲ್ಲಾರೂ ಒಂದೇ ತರ ಅವ್ರೆ. ಅದ್ರಲ್ಲಿ ನೀನ್ಯಾರೇ?”

“ಎಡಗಡೆಯಿಂದ ನಾಲ್ಕನೇವ್ಳು ಕಣಮ್ಮಾ.”

“ಅವ್ಳಾ? ಯಾರೋ ಅಲ್ಲೀವ್ಳು ಅನ್ಕಂಡು ಬಿಟ್ಬಿಟ್ಟೆ.”

ಮೇಡಂ ಕೇಳಿದ್ದರೆ ಇದನ್ನು ಹೊಗಳಿಕೆ ಎನ್ನುತ್ತಿದ್ದರು. ಆದರೆ ಹೆತ್ತ ಅಮ್ಮನಿಗೇ ನನ್ನ ಗುರುತು ಸಿಕ್ಕಿರಲಿಲ್ಲ.

ಮುಂದಿನ ಪ್ರದರ್ಶನಕ್ಕೆ ಸ್ಪಂಜು ಬಂದಾಗ ಬೇಡವೆಂದೆ. ಸಾಲು ಕೆಡುತ್ತದೆ ಎಂದರು ಮೇಡಂ. ಕೈ ತಪ್ಪಿದರೆ ಸಾಲು ಕೆಡುತ್ತದೆ, ಬಣ್ಣದಿಂದಲ್ಲ ಎಂದು ನನ್ನ ಹರಕುಮುರುಕು ಪೋಲಿಷ್‌ನಲ್ಲಿ ಹೇಳಿದೆ. ಅವರು ವಾದ ಮಾಡಲಿಲ್ಲ, ನನ್ನನ್ನು ಆ ನೃತ್ಯದಿಂದ ತೆಗೆದರು. ಬೇಸಿಗೆಗೆ ನನ್ನ ಕರಾರು ಮುಗಿಯುವುದಿತ್ತು. ಕುಣಿಯದವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಪರದೆಯ ಪಕ್ಕದಲ್ಲಿ ನಿಂತು ಉಳಿದವರನ್ನು ನೋಡುತ್ತಾ ಎರಡು ತಿಂಗಳು ಕಳೆದೆ. ನಾನಾಗಿಯೇ ಹೋಗಿ ಸ್ಪಂಜು ಕೇಳಿಬಿಡೋಣ ಅಂತ ಎಷ್ಟೋ ಸಲ ಅನ್ನಿಸಿತು.

ಆಮೇಲೆ ಒಬ್ಬಳ ಕಾಲು ಉಳುಕಿತು. ಸಾಲಿನ ಹೊರಗಿದ್ದವರಲ್ಲಿ ಆ ಹೆಜ್ಜೆಗಳು ಗೊತ್ತಿದ್ದವಳು ನಾನೊಬ್ಬಳೇ. ಮೇಡಂ ಬಣ್ಣದ ಮಾತೆತ್ತದೆ ಕೊನೆಯ ಸಾಲಿನ ಅಂಚಿನಲ್ಲಿ ನಿಲ್ಲಿಸಿದರು. ಕರಾರೂ ಮುಂದುವರಿಯಿತು.

ಆ ಪ್ರದರ್ಶನದ ವಿಡಿಯೊ ಕಳಿಸಿದ ಸ್ವಲ್ಪ ಹೊತ್ತಿಗೇ ಅಮ್ಮನ ಫೋನು.

“ಸಿಕ್ಬಿಟ್ಟೆ ಕಣೇ! ಕೊನೇ ಸಾಲು, ಬಲಗಡೆ. ಪಕ್ಕದ್ಮನೆ ಶಾಂತಕ್ಕಂಗೂ ತೋರಿಸ್ದೆ!” ಫೋನಿನಲ್ಲೇ ಕುಣಿಯುವಂತಿದ್ದಳು. ಆಮೇಲೆ, “ಆದ್ರೆ ಎಲ್ಲಾರ್ಗಿಂತ ನಿನ್ ಎಡಗೈ ಒಂಚೂರು ಲೇಟಾಗಿ ಏಳ್ತದೆ, ನೋಡ್ಕೊ,” ಎಂದಳು.

ಮತ್ತೆ ಹಾಕಿ ನೋಡಿದೆ. ನಿಜ. ಬಿಳಿ ಬಳಿದಿದ್ದಾಗಲೂ ತಡವಾಗುತ್ತಿತ್ತೋ ಏನೋ, ಯಾರಿಗೂ ಕಂಡಿರಲಿಲ್ಲ. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಮರುದಿನ ಎಲ್ಲರಿಗಿಂತ ಮೊದಲೇ ಹೋಗಿ ಆ ಕೈಯನ್ನೇ ಎತ್ತಿ ಇಳಿಸುತ್ತಾ ನಿಂತೆ. ಮೇಡಂ ಕಣ್ಣಿಗೆ ನಾನು ಬೇರೆಯಾಗಿ ಬೀಳಬಾರದು, ಅಮ್ಮನಿಗೆ ಮಾತ್ರ ಸಿಗಬೇಕು. ನನಗೆ ಎರಡೂ ಬೇಕು.