ಮೊಳೆಗೆ ನೇತುಹಾಕಿದ ಅಂಗಿ

ಕಳೆದ ಮಂಗಳವಾರ ಮಧ್ಯಾಹ್ನ ನಾನು ತರೀಕೆರೆಯಲ್ಲಿದ್ದೆ. ಅದೇ ಹೊತ್ತಿಗೆ ಅಜ್ಜಂಪುರದ ಒಂದು ಮನೆಯಲ್ಲಿ ಐದು ವರ್ಷದ ಹುಡುಗಿಯ ಜೊತೆ ಮಾತಾಡುತ್ತಲೂ ಇದ್ದೆನಂತೆ!

ನಗಬೇಡಿ. ನನಗಿನ್ನೂ ನಗು ಬಂದಿಲ್ಲ.

ನಾನು ವೈರಿಂಗ್ ಕೆಲಸದವನು ಅನ್ನುವುದು ಈ ಅಂಕಣ ಓದುವವರಿಗೆ ಗೊತ್ತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಏಣಿ ಹತ್ತಿದವನು. ನನ್ನ ಕೆಲಸಕ್ಕೆ ಇವತ್ತಿನವರೆಗೂ ಯಾರೂ ಬೆರಳು ತೋರಿಸಿಲ್ಲ. ನನಗೆ ಧಣಿ ಒಬ್ಬನಲ್ಲ, ಒಂದೇ ಸಲಕ್ಕೆ ಮೂವರು. ಈಗ ಕಡೂರಲ್ಲೊಂದು ಮನೆ, ತರೀಕೆರೆಯಲ್ಲೊಂದು, ಅಜ್ಜಂಪುರದಲ್ಲೊಂದು. ಒಂದು ಮುಗಿಸಿ ಇನ್ನೊಂದು ಹಿಡಿಯಬಾರದೇ ಅಂತೀರಾ? ಹಿಡಿಯಬಹುದು. ಅಷ್ಟರಲ್ಲಿ ಆ ಇನ್ನೊಂದನ್ನು ಬೇರೆಯವನು ಹಿಡಿದಿರುತ್ತಾನೆ.

ಅದಕ್ಕೇ ನಮ್ಮಲ್ಲೊಂದು ಪದ್ಧತಿ. (ಗುಟ್ಟು ಬಿಟ್ಟುಕೊಟ್ಟೆ ಅಂತ ನಮ್ಮ ಕಸುಬಿನವರು ಬೈಯಲಿ, ಪರವಾಗಿಲ್ಲ.) ಹೊರಡುವಾಗ ಏನಾದರೊಂದು ಬಿಟ್ಟು ಹೋಗುವುದು. ಒಂದು ಕಡೆ ಚೀಲ, ಇನ್ನೊಂದು ಕಡೆ ಕೆಲಸದ ಅಂಗಿ. ಅಂಗಿ ಮೊಳೆಯಲ್ಲಿ ನೇತಾಡುತ್ತಿದ್ದರೆ, ಮನುಷ್ಯ ಇಲ್ಲೇ ಎಲ್ಲೋ ಇದ್ದಾನೆ ಅಂತ ಮನೆಯವರಿಗೆ ಧೈರ್ಯ. ಫೋನ್ ಮಾಡಿದರೆ, "ಇಲ್ಲೇ ಅಂಗಡಿಗೆ ಬಂದಿದ್ದೆ ಕಣ್ರೀ, ಐದೇ ನಿಮಿಷ!"

ಮಂಗಳವಾರ ಬೆಳಿಗ್ಗೆ ಅಜ್ಜಂಪುರದ ಶೈಲಕ್ಕನ ಮನೆಯಲ್ಲಿ ಹಿಂದಿನ ರೂಮಿನ ಹಳೇ ಸ್ವಿಚ್ ಬೋರ್ಡ್ ಕಿತ್ತೆ. ಶೈಲಕ್ಕ ಮಿಕ್ಸಿ ಹಾಕಬೇಕು ಅಂದದ್ದಕ್ಕೆ ಮೇನ್ ಸ್ವಿಚ್ಚನ್ನು ನಾನೇ ಆನ್ ಮಾಡಿದೆ. ಅಂಗಿಯನ್ನು ಮೊಳೆಗೆ ಹಾಕಿ, ಯಾರಿಗೂ ಹೇಳದೆ ತರೀಕೆರೆಗೆ ಬಂದೆ.

ಮಧ್ಯಾಹ್ನ ಇಲ್ಲಿ ಒಂದು ವೈರಿನ ತುದಿಗೆ ಟೇಪ್ ಸುತ್ತುತ್ತಿದ್ದಾಗ ಕೈ ನಿಂತಿತು. ಅಜ್ಜಂಪುರದಲ್ಲಿ ಸುತ್ತಿದೆನಾ? ಸುತ್ತಿದೆ. ಸುತ್ತಿದ್ದು ಕಣ್ಣಿಗೆ ಕಟ್ಟಿದಂತಿದೆ. ಆದರೆ ನೆನಪಿನಲ್ಲಿದ್ದ ಗೋಡೆ ಹಸಿರು. ಶೈಲಕ್ಕನ ಗೋಡೆ ಬಿಳಿ.

ಹಸಿರು ಗೋಡೆ ಕಡೂರಿನದು. ಅದು ಸೋಮವಾರದ ಕೆಲಸ. ಅಂದರೆ ಶೈಲಕ್ಕನ ಮನೆಯಲ್ಲಿ ಕರೆಂಟಿರುವ ವೈರು ಟೇಪಿಲ್ಲದೆ ನೇತಾಡುತ್ತಿದೆ, ಆ ಮನೆಯಲ್ಲಿ ಅವಳ ಪುಟ್ಟ ಮಗಳು ಗೌರಿ ಓಡಾಡಿಕೊಂಡಿದೆ.

ಫೋನ್ ಮಾಡಿದೆ. "ಶೈಲಕ್ಕಾ, ಗೌರಿ ಎಲ್ಲಿ?"

"ಯಾಕಣ್ಣಾ, ನಿಮ್ ಹತ್ರಾನೇ ಐತಲ್ಲ! ರೂಮಲ್ಲಿ ನೀವಿಬ್ರೂ ಮಾತಾಡೋದು ಹಿತ್ಲಿಗೇ ಕೇಳ್ತೈತೆ. ಒಳಗಿದ್ಕೊಂಡೇ ಫೋನ್ ಮಾಡ್ತೀರಲ್ಲ, ಮಾಡಾಕೆ ಕೆಲ್ಸ ಇಲ್ವಾ?"

'ಮೊದಲು ಮೇನ್ ಆಫ್ ಮಾಡಿ' ಅನ್ನಬೇಕಿತ್ತು. ಅದನ್ನು ಹೇಳಬೇಕಾದರೆ 'ನಾನು ಅಲ್ಲಿಲ್ಲ' ಅಂತಲೂ ಒಪ್ಪಿಕೊಳ್ಳಬೇಕಲ್ಲ? ಒಂದು ಉಸಿರಿನಷ್ಟು ಹೊತ್ತು ನಾಲಿಗೆ ಹಿಂದೆಗೆಯಿತು. ಅಷ್ಟರಲ್ಲಿ ಆಕೆ ನಗುತ್ತಾ ಫೋನ್ ಇಟ್ಟಿದ್ದಳು. ಮತ್ತೆ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಇನ್ನೂ ಮೂರು ಸಲ ಮಾಡಿದೆ. ಇಲ್ಲ.

ಬೈಕ್ ಹೇಗೆ ಓಡಿಸಿದೆನೋ ಗೊತ್ತಿಲ್ಲ. ದಾರಿಯಲ್ಲಿ ಕುರಿ ಹಿಂಡು ಅಡ್ಡ ಬಂತು. ಅದು ದಾಟುವವರೆಗೆ ಒಂದೇ ಮಾತು ತಲೆಯಲ್ಲಿ. ನೀವಿಬ್ರೂ ಅಂದಳಲ್ಲ? ಅವಳಿಗೆ ಕೇಳಿದ ಎರಡನೇ ದನಿ ಯಾರದ್ದು?

ಬಾಗಿಲ ಬಳಿಯೇ ಇದ್ದ ಮೇನ್ ಆಫ್ ಮಾಡಿ ರೂಮಿಗೆ ನುಗ್ಗಿದೆ.

ಗೌರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿತ್ತು. ಎದುರಿಗೆ ನನ್ನ ಅಂಗಿ. ಪಕ್ಕದಲ್ಲಿ, ಮೂಗಿನಿಂದ ಒಂದು ಗೇಣು ದೂರದಲ್ಲಿ, ಗೋಡೆಯಿಂದ ಜೋತುಬಿದ್ದ ಟೇಪಿಲ್ಲದ ವೈರು. ಮಗು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿತ್ತು. ರೂಮಿನಲ್ಲಿ ಫ್ಯಾನಿಲ್ಲ, ಕಿಟಕಿ ಮುಚ್ಚಿತ್ತು. ಅಂಗಿಯ ತೋಳು ಮಾತ್ರ ಮೆಲ್ಲಗೆ ಅಲ್ಲಾಡುತ್ತಿತ್ತು. (ನಾನು ನುಗ್ಗಿದ ಗಾಳಿಗೆ ಇರಬೇಕು. ಹಾಗಂತ ಅಂದುಕೊಂಡಿದ್ದೇನೆ.)

"ಕೈ ಯಾಕೆ ಪುಟ್ಟಿ ಹಂಗೆ?"

"ಮಾಮ ಹಿಂದಕ್ ಕಟ್ಕೊ ಅಂದ್ರು."

"ಯಾವಾಗ ಅಂದೆ ನಾನು?"

ಅದು ನನ್ನನ್ನು ನೋಡಿತು. ಅಂಗಿಯನ್ನು ನೋಡಿತು. "ನೀವಲ್ಲ. ಈ ಮಾಮ."

ನನಗೆ ಕೆಲಸ ಕಲಿಸಿದ ಮೇಸ್ತ್ರಿಯ ಮೊದಲ ಪಾಠ ಅದು. ಕೆಲಸ ಮುಗಿಯದ ರೂಮಿಗೆ ಕಾಲಿಟ್ಟರೆ ಕೈ ಬೆನ್ನ ಹಿಂದೆ ಇರಬೇಕು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಬೆಳಿಗ್ಗೆ ನಾನೇ ಗೌರಿಗೆ ಹೇಳಿದ್ದೆನಾ? ಹೇಳಿರಬಹುದು. ಯಾವ ಗೋಡೆ ಯಾವ ಊರಿನದು ಅಂತಲೇ ಗೊತ್ತಿಲ್ಲದವನಿಗೆ ಯಾವ ಮಾತು ಯಾವ ಮನೆಯದು ಅಂತ ನೆನಪಿರುತ್ತದೆಯೇ?

ಶೈಲಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು. ಎಲ್ಲ ಹೇಳಿದೆ. ಅವಳ ಮುಖದ ನಗು ನಿಂತಿತು. ಮಗುವನ್ನು ಎಳೆದು ಸೊಂಟಕ್ಕೆ ಹಾಕಿಕೊಂಡಳು.

"ಅಂಗಿ ಕಾಣ್ತಿತ್ತಲ್ಲಣ್ಣಾ. ನೀವವ್ರೆ ಅಂತಾನೇ ಮಗೀನ ಒಳಗೆ ಬಿಟ್ಟಿದ್ದು."

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ವೈರಿಗೆ ಟೇಪ್ ಸುತ್ತಿದೆ. ಎರಡು ಸಲ ಸುತ್ತಿದೆ. ಕಡೂರಿನವರಿಗೆ ಫೋನ್ ಮಾಡಿ, "ನಾನು ಅಜ್ಜಂಪುರದಲ್ಲಿದೀನಿ, ಇದು ಮುಗಿಯೋವರೆಗೂ ಬರಲ್ಲ" ಅಂದೆ. ಅವರು ಗಾಬರಿಯಿಂದ, "ಏನಪ್ಪಾ, ಹುಷಾರಿಲ್ವಾ? ನಿಜ ಹೇಳ್ತಿದೀಯಲ್ಲ!" ಅಂದರು.

ಅಂಗಿಯನ್ನು ಮೊಳೆಯಿಂದ ತೆಗೆದು ತೊಟ್ಟುಕೊಂಡೆ. ಇಡೀ ಮಧ್ಯಾಹ್ನ ಬರೀ ಗೋಡೆಗಿದ್ದ ಅಂಗಿ, ಬೆಚ್ಚಗಿತ್ತು.

ಶೈಲಕ್ಕನಿಗೆ ಫೋನ್ ಮಾಡಿದ ಹೊತ್ತಿನಲ್ಲಿ ನನ್ನ ಚೀಲ ಕಡೂರಲ್ಲಿತ್ತು, ಬೈಕು ತರೀಕೆರೆಯಲ್ಲಿತ್ತು, ಅಂಗಿ ಅಜ್ಜಂಪುರದಲ್ಲಿ ಕೆಲಸಕ್ಕೆ ನಿಂತಿತ್ತು. ನಾನು ಎಲ್ಲಿದ್ದೆ?