ಹತ್ತು ಸಾವಿರದ ಒಂದು

ದೇವರಿಗೆ ಏನನ್ನೇ ಅರ್ಪಿಸಲಿ, ಸೊನ್ನೆಯಲ್ಲಿ ಮುಗಿಸಬಾರದು, ಮೇಲೊಂದು ಇಡಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ. ಲಕ್ಷ್ಮೇಶ್ವರದಲ್ಲಿ ತಲೆತಲಾಂತರದಿಂದ ಗುಡಿಯ ಸೇವೆ ಮಾಡಿಕೊಂಡು ಬಂದ ಮನೆ. ಅಪ್ಪನಿಗೆ ಬೆಳಗ್ಗೆ ಸಂಜೆ ಪೂಜೆ, ನಡುವೆ ಶಾಲೆಯಲ್ಲಿ ಗಣಿತ. ಕನ್ನಡ ನಾಡೆಲ್ಲ ಒಂದಾಗಬೇಕೆಂದು ಜನ ಕೂಗುತ್ತಿದ್ದ ಆ ವರ್ಷ, ಗದಗಿನ ಕಚೇರಿಯಲ್ಲಿದ್ದ ಅಪ್ಪನ ತಮ್ಮ, ನಮ್ಮ ಕಾಕಾ, ಬೇರೆ ಮನೆ ಮಾಡುತ್ತೇನೆಂದ. ಕೇಳಿದ ದಿನದಿಂದ ಆಯಿ, ಅಂದರೆ ಅಪ್ಪನ ತಾಯಿ, ಸರಿಯಾಗಿ ಉಣ್ಣಲಿಲ್ಲ.

"ಮನಿ ಒಡೀಬಾರ್ದು ಅಂತ ಹರಕಿ ಹೊರ್ತೀನಿ. ಯಾರು ಪಾಲು ಮಾಡಿದ್ರೂ ಒಡೀಲಾರದ ಅಂಕಿ ಒಂದು ಹೇಳಪಾ, ಅಷ್ಟು ಬಿಲ್ವಪತ್ರಿ ಏರಸ್ತೀನಿ," ಎಂದು ಅಪ್ಪನನ್ನು ಕೇಳಿದಳು.

ಅಪ್ಪ ನಗಬಹುದಿತ್ತು. ನಗಲಿಲ್ಲ, ಪಾಟಿ ಬಳಪ ತೆಗೆದುಕೊಂಡು ಕೂತ. ನೂರಾ ಒಂದು ಒಡೆಯದ ಸಂಖ್ಯೆಯೇ, ಆದರೆ ಇಷ್ಟು ದೊಡ್ಡ ಮನೆಗೆ ಅದು ಸಣ್ಣದೆಂದು ಆಯಿ ಒಪ್ಪಲಿಲ್ಲ. ಸಾವಿರದ ಒಂದು ಏಳಕ್ಕೇ ಒಡೆಯಿತು. ಹತ್ತು ಸಾವಿರದ ಒಂದನ್ನು ಏಳು, ಹನ್ನೊಂದು, ಹದಿಮೂರು ಎಂದು ಭಾಗಿಸುತ್ತ ಹೋದ; ಪ್ರತಿ ಸಲವೂ ಏನೋ ಒಂದಿಷ್ಟು ಉಳಿಯಿತು. ಎಪ್ಪತ್ತೊಂದಕ್ಕೆ ಬಂದಾಗ ಸಂಜೆಯ ಪೂಜೆಯ ಹೊತ್ತಾಯಿತು. "ಇದು ಒಡಿಯಂಗಿಲ್ಲ ಬೇ," ಎಂದು ಪಾಟಿ ಬದಿಗಿಟ್ಟು ಗುಡಿಗೆ ನಡೆದ.

ನಾನಾಗ ಏಳನೇ ತರಗತಿಯ ಮುಲ್ಕಿ ಪರೀಕ್ಷೆಗೆ ಓದುತ್ತಿದ್ದವಳು, ಲೆಕ್ಕದಲ್ಲಿ ಮಹಾ ಹಟಮಾರಿ. ಇಂಥ ಸಂಖ್ಯೆಯನ್ನು ಅದರ ವರ್ಗಮೂಲದವರೆಗೆ, ಅಂದರೆ ಇಲ್ಲಿ ನೂರರವರೆಗೆ, ಪರೀಕ್ಷಿಸಬೇಕೆಂದು ಅಪ್ಪನೇ ಕಲಿಸಿದ್ದ. ಮರುದಿನ ಅವನು ಬಿಟ್ಟಲ್ಲಿಂದ ಹಿಡಿದೆ. ಎಪ್ಪತ್ತಮೂರಕ್ಕೇ ಕೆಳಗೆ ಸೊನ್ನೆ ಬಂತು. ಎಪ್ಪತ್ತಮೂರು ನೂರಾ ಮೂವತ್ತೇಳಲೆ ಹತ್ತು ಸಾವಿರದ ಒಂದು! ಬೇರೆ ದಿನವಾಗಿದ್ದರೆ ಕುಣಿಯುತ್ತಿದ್ದೆ. ಆದರೆ ಅಂದು ಪಕ್ಕದಲ್ಲೇ ಆಯಿ ಪತ್ರಿ ಎಣಿಸುತ್ತ ಕೂತಿದ್ದಳು.

ಅಳಿಸಿಬಿಡಬೇಕು ಎನ್ನುವಷ್ಟರಲ್ಲಿ ಆಕೆ ನನ್ನ ಮುಖ ನೋಡಿದಳು.

"ಒಡೀತೈತೇನು?"

ಆಕೆಗೆ ಸುಳ್ಳು ಹೇಳುವುದು ನನ್ನ ಕೈಲಾಗದ ಕೆಲಸ. "ಹೂಂ ಆಯಿ, ಎರಡು ತುಂಡು ಆಗತೈತಿ."

ಆಯಿ ಕೈಯಲ್ಲಿದ್ದ ಪತ್ರಿ ಸವರುತ್ತ ಕೇಳಿದಳು. "ಆ ಎರಡು ತುಂಡು ಮತ್ತ ಒಡೀತಾವೇನು?"

"ಇಲ್ಲ. ಅವು ಖರೇನ ಒಡಿಯಂಗಿಲ್ಲ."

"ಹಂಗಾರ ಆತು. ಎರಡೂ ಗಟ್ಟಿ ಇರ್ಲಿ."

ಗುಣಾಕಾರದ ತುಂಡುಗಳು ಮನೆಯ ಪಾಲಿನಂಥವಲ್ಲ ಎಂದು ಹೇಳಲು ಹೊರಟವಳು ಆಕೆಯ ಜೊತೆ ಪತ್ರಿ ಎಣಿಸತೊಡಗಿದೆ. ಪತ್ರಿಗಳೆಲ್ಲ ಏರಿದವು. ಸಂಕಲ್ಪದಲ್ಲಿ ಆಯಿ ಅಪ್ಪನ ಬಾಯಿಂದ, ಮನೆ ಒಡೆಯದಿರಲಿ ಎಂದು ಹೇಳಿಸಲಿಲ್ಲ. ಇಬ್ಬರು ಮಕ್ಕಳ ಹೆಸರನ್ನೂ ಬೇರೆ ಬೇರೆ ಹೇಳಿಸಿದಳು.

ನಾಡು ಒಂದಾಯಿತೆಂದು ಶಾಲೆಯಲ್ಲಿ ಪೇಢೆ ಹಂಚಿದ ಮರುದಿನ ಕಾಕಾನ ಸಾಮಾನಿನ ಚಕ್ಕಡಿ ಗದಗಿನ ದಾರಿ ಹಿಡಿಯಿತು. ಅದು ಮರೆಯಾಗುವವರೆಗೆ ಆಯಿ ಕಟ್ಟೆಯ ಮೇಲೆ ನಿಂತಿದ್ದಳು. ಆಮೇಲೆ ನನ್ನ ಕೈ ಹಿಡಿದು ಕೇಳಿದಳು.

"ಏ ತಂಗಿ, ಆ ಎರಡರಾಗ ದೊಡ್ಡ ತುಂಡು ಯಾವ್ದು?"

"ನೂರಾ ಮೂವತ್ತೇಳು, ಆಯಿ."

"ಅದು ಅವಂದಾಗ್ಲಿ," ಎಂದಳು. "ಅಲ್ಲೆ ಅವಂಗ ಯಾರೂ ಇಲ್ಲ."